ತೋಟಕ್ಕೆ ನೀರು ಬಿಟ್ಟ ದಿನದ ಉಪವಾಸ

‘ನೀರೂ ಕುಡಿಯೋ ಹಾಗಿಲ್ವಾ?’ ರಂಜಾನ್ ಬಂತು ಅಂದರೆ ಎಲ್ಲರೂ ಮೊದಲು ಕೇಳುವುದು ಇದನ್ನೇ. ಇಲ್ಲ, ನೀರೂ ಇಲ್ಲ. ಬೆಳಗಿನ ಬಾಂಗಿನಿಂದ ಸೂರ್ಯ ಮುಳುಗುವ ತನಕ ಅನ್ನ, ನೀರು, ಬೀಡಿ, ಎಲೆಅಡಿಕೆ ಯಾವುದೂ ಇಲ್ಲ. ‘ಎಂಜಲು ಕೂಡ ನುಂಗಬಾರದಂತೆ, ಹೌದಾ?’ ಅನ್ನುವುದು ಎರಡನೇ ಪ್ರಶ್ನೆ. ಅದು ಸುಳ್ಳು. ಎಂಜಲು ನುಂಗಿದರೆ ಏನೂ ಆಗುವುದಿಲ್ಲ. ಅಷ್ಟೇ ಯಾಕೆ, ಉಪವಾಸ ಅನ್ನುವುದು ಮರೆತೇ ಹೋಗಿ ಏನಾದರೂ ತಿಂದುಬಿಟ್ಟರೂ, ಕುಡಿದುಬಿಟ್ಟರೂ ದೇವರೇ ಕೊಟ್ಟ ಅಂದುಕೊಂಡು ಉಪವಾಸ ಮುಂದುವರಿಸಿ ಅಂತ ಪ್ರವಾದಿಯವರು ಹೇಳಿದ್ದಾರೆ. ಕಾಯಿಲೆ ಬಿದ್ದವರು, ಪ್ರಯಾಣದಲ್ಲಿರುವವರು ಬಿಟ್ಟು ಆಮೇಲೆ ಬೇರೆ ದಿನ ಹಿಡಿದು ತೀರಿಸಬಹುದು.

ನಾನು ಚಿಕ್ಕಮಗಳೂರಿನ ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಬರೆಯುವುದು, ಯಾರು ಯಾವ ಕೆಲಸಕ್ಕೆ ಹೋದರು, ಎಷ್ಟು ಕೆಲಸ ಆಯ್ತು ಅಂತ ನೋಡುವುದು, ಇದೇ ನನ್ನ ಕೆಲಸ. 2025ರಲ್ಲಿ ಉಪವಾಸ ಶುರುವಾಗಿದ್ದು ಮಾರ್ಚ್ 2ಕ್ಕೆ. ತೋಟದವರಿಗೆ ಆ ತಿಂಗಳು ಎಂಥದು ಅಂತ ಗೊತ್ತಲ್ವಾ? ರೋಬಸ್ಟಾ ಕಾಫಿಗೆ ನೀರು ಹೊಡೆಯುವ ಕಾಲ. ಮೊಗ್ಗು ವಾರಗಟ್ಟಲೆ ಒಣಗಾಳಿಯಲ್ಲಿ ಸುಮ್ಮನೆ ಕಾದಿರುತ್ತದೆ, ಚೆನ್ನಾಗಿ ನೀರು ಬಿದ್ದ ಮೇಲೆ ಅರಳುತ್ತದೆ. ಅರಳಿದ ಮೇಲೆ ಮತ್ತೊಂದು ಸಲ ನೀರು ಕೊಡಬೇಕು, ಅದಕ್ಕೆ ಬ್ಯಾಕಿಂಗ್ ಅನ್ನುತ್ತೇವೆ, ಇಲ್ಲದಿದ್ದರೆ ಕಾಯಿ ಸರಿಯಾಗಿ ನಿಲ್ಲುವುದಿಲ್ಲ. ಮಳೆ ನಂಬಿ ಕೂತರೆ ಆಗುವುದಿಲ್ಲ ಅಂತ ಕೆರೆಗೆ ಡೀಸೆಲ್ ಪಂಪ್ ಇಟ್ಟು, ತಿರುಗುತ್ತಾ ನೀರು ಚಿಮ್ಮಿಸುವ ಜೆಟ್ ಹಾಕುತ್ತೇವೆ. ಪೈಪು ಹೊತ್ತು ಜಾಗ ಬದಲಾಯಿಸುತ್ತಾ ಹೋಗಬೇಕು, ಹಗಲು ರಾತ್ರಿ ಇಲ್ಲ.

ಅಂಥ ಒಂದು ದಿನ ಅತ್ತಾಳಕ್ಕೆ, ಅಂದರೆ ಬಾಂಗಿಗೆ ಮೊದಲಿನ ಊಟಕ್ಕೆ, ಉಮ್ಮ (ಅಮ್ಮ) ಎಬ್ಬಿಸಿದಾಗ ನನಗೆ ಊಟಕ್ಕಿಂತ ನಿದ್ದೆ ಬೇಕಿತ್ತು. ಎರಡು ತುತ್ತು ಅನ್ನ ಸಾರು, ಒಂದು ಬಾಳೆಹಣ್ಣು, ಹೊಟ್ಟೆ ತುಂಬ ನೀರು. ಐದೂ ಕಾಲಿನ ಹೊತ್ತಿಗೆ ಬಾಂಗು ಆಯಿತು, ಅಲ್ಲಿಗೆ ಬಾಯಿ ಬಂದ್. ಏಳಕ್ಕೆಲ್ಲ ತೋಟದಲ್ಲಿದ್ದೆ.

ಮಧ್ಯಾಹ್ನ ಆಳುಗಳು ಊಟಕ್ಕೆ ಹೋದರು. ಕೆಳಗಿನ ಬ್ಲಾಕಿನಲ್ಲಿ ಒಂದು ಜೆಟ್ ತಿರುಗುವುದು ನಿಂತುಹೋಗಿತ್ತು. ಕೆರೆಯ ಕಸ ಸಿಕ್ಕಿಕೊಂಡಿರುತ್ತದೆ, ತಂತಿ ಹಾಕಿ ತೆಗೆದರೆ ಸರಿಹೋಗುತ್ತದೆ. ನಾನೊಬ್ಬನೇ ಹೋದೆ. ಬಿಸಿಲು ನೆತ್ತಿಯ ಮೇಲಿತ್ತು, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ತಂತಿ ಒಳಗೆ ಹೋಗಿ ಕಸ ಹೊರಬಂದಿದ್ದೇ ತಡ, ನೀರು ಸೀದಾ ಮುಖಕ್ಕೆ ಹೊಡೆಯಿತು. ಕಣ್ಣು, ಮೂಗು, ಅಂಗಿ ಎಲ್ಲ ಒದ್ದೆ. ಮೀಸೆಯಿಂದ ಇಳಿದ ನೀರು ತುಟಿಯ ಸಂದಿಗೆ ಬಂದು ನಿಂತಿತು. ಪಾಚಿ ವಾಸನೆಯ ಕೆರೆ ನೀರು, ಬೇರೆ ದಿನವಾದರೆ ಯಾರೂ ಬಾಯಿಗೆ ಹಾಕಲ್ಲ. ಆ ಹೊತ್ತಿಗೆ ಅದು ಎಷ್ಟು ತಣ್ಣಗಿತ್ತು ಅಂದರೆ, ಬಾಯಿ ಸ್ವಲ್ಪ ತೆರೆದಿದ್ದರೆ ಸಾಕಿತ್ತು. ಸುತ್ತ ಸಿಲ್ವರ್ ಮರ, ಮೆಣಸಿನ ಬಳ್ಳಿ, ದೂರದಲ್ಲಿ ಪಂಪಿನ ಸದ್ದು. ನರಪಿಳ್ಳೆ ಇಲ್ಲ. ಒಂದು ಗುಟುಕು ಕುಡಿದು ಸಂಜೆ ಎಲ್ಲರ ಜೊತೆ ಕೂತು ಖರ್ಜೂರ ಬಾಯಿಗಿಟ್ಟುಕೊಂಡಿದ್ದರೆ ಉಮ್ಮನಿಗೂ ಗೊತ್ತಾಗುತ್ತಿರಲಿಲ್ಲ.

ತುಟಿ ಒರೆಸಿಕೊಂಡು ಪಕ್ಕಕ್ಕೆ ಸರಿದೆ. ಹಾಗೇ ಕಾಲುವೆಯ ಹತ್ತಿರ ಕೂತು ವುಜೂ ಮಾಡಿದೆ, ನಮಾಜಿಗೆ ಮೊದಲು ಕೈ ಕಾಲು ಮುಖ ತೊಳೆಯುವುದು. ವುಜೂವಿನಲ್ಲಿ ಬಾಯಿ ಮುಕ್ಕಳಿಸಬೇಕು. ನೀರು ನಾಲಿಗೆಯ ಮೇಲೆ ಬರುತ್ತದೆ, ಕೆನ್ನೆಯ ಒಳಗೆಲ್ಲ ಓಡಾಡುತ್ತದೆ, ಆಮೇಲೆ ಉಗಿಯಬೇಕು. ಉಪವಾಸದವರು ದಿನಾ ಮಾಡುವುದೇ ಇದು. ನನಗೆ ಮಾತ್ರ ಉಪವಾಸದ ಅರ್ಥವೆಲ್ಲ ಅಲ್ಲೇ ಇದೆ ಅನ್ನಿಸುತ್ತದೆ. ನಮಾಜು ಮಾಡಿದರೆ ನಾಲ್ಕು ಜನ ನೋಡುತ್ತಾರೆ, ದಾನ ಕೊಟ್ಟರೆ ತೆಗೆದುಕೊಂಡವನಿಗಾದರೂ ಗೊತ್ತಾಗುತ್ತದೆ. ಉಪವಾಸ ಇದ್ದೀನೋ ಇಲ್ಲವೋ ಅನ್ನುವುದು ನನಗೆ ಮತ್ತು ಅಲ್ಲಾಹನಿಗೆ ಬಿಟ್ಟರೆ ಯಾರಿಗೂ ಗೊತ್ತಾಗಲ್ಲ. ‘ಉಪವಾಸ ನನಗಾಗಿ, ಅದರ ಪ್ರತಿಫಲ ನಾನೇ ಕೊಡುತ್ತೇನೆ’ ಅಂತ ದೇವರು ಹೇಳಿದ್ದನ್ನು ಪ್ರವಾದಿಯವರು ತಿಳಿಸಿದ್ದಾರೆ. ವರ್ಷಪೂರ್ತಿ ಬೇರೆಯವರ ಹಾಜರಿ ಬರೆಯುವವನು ನಾನು. ಈ ಒಂದು ಹಾಜರಿ ಮಾತ್ರ ಯಾವ ರೈಟರಿಗೂ ಬರೆಯಲಿಕ್ಕೆ ಆಗುವುದಿಲ್ಲ.

ಬಡವರ ಹಸಿವು ಗೊತ್ತಾಗಲಿ ಅಂತ ಉಪವಾಸ ಇಟ್ಟಿದ್ದಾರೆ ಅಂತ ತುಂಬ ಜನ ಹೇಳುತ್ತಾರೆ. ನಮ್ಮವರೂ ಹೇಳುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಸಂಜೆ ಆರೂವರೆ ದಾಟಿದ ಕೂಡಲೇ ಗಂಜಿ ಸಿಗುತ್ತದೆ ಅಂತ ನನಗೆ ಖಾತ್ರಿ ಇದೆ. ನಿಜವಾಗಿ ಹಸಿದವನಿಗೆ ಆ ಖಾತ್ರಿ ಎಲ್ಲಿದೆ? ಅವನ ಹಸಿವು ನನಗೆ ಗೊತ್ತಾಯ್ತು ಅಂತ ನಾನು ಹೇಳಿಕೊಳ್ಳುವುದು ಸರಿಯಲ್ಲ. ಅವನಿಗೆ ಕೊಡಬೇಕಾದ್ದು ಬೇರೆಯೇ ಇದೆ. ಉಳಿತಾಯದ ಲೆಕ್ಕ ಹಾಕಿ ನೂರಕ್ಕೆ ಎರಡೂವರೆಯಂತೆ ಕೊಡುವ ಕಡ್ಡಾಯ ದಾನ ಜಕಾತ್, ಹಬ್ಬದ ನಮಾಜಿಗೆ ಮೊದಲೇ ಮನೆಯ ಪ್ರತಿಯೊಬ್ಬರ ಹೆಸರಲ್ಲಿ ಕೊಡುವ ದಾನ ಫಿತ್ರಾ. ಹಬ್ಬದ ದಿನ ಯಾರ ಮನೆಯ ಒಲೆಯೂ ಆರಿರಬಾರದು ಅಂತಲೇ ಫಿತ್ರಾ ಇರುವುದು. ಕುರ್‌ಆನ್ ಉಪವಾಸಕ್ಕೆ ಕೊಡುವ ಕಾರಣ ಬೇರೆ, ತಕ್ವಾ. ದೇವರು ಇದ್ದಾನೆ ಅನ್ನುವ ಎಚ್ಚರ ಅಂತ ನಾನು ತಿಳಿದುಕೊಂಡಿದ್ದೇನೆ.

ಆಳುಗಳ ಮೇಸ್ತ್ರಿಗೆ ನನಗಿಂತ ಜಾಸ್ತಿ ವಯಸ್ಸು. ಊಟ ಮುಗಿಸಿ ಬಂದವರು ಚಹಾದ ಲೋಟ ಬೆನ್ನ ಹಿಂದೆ ಹಿಡಿದುಕೊಂಡಿದ್ದರು. ‘ಕುಡೀರಿ ಮೇಸ್ತ್ರಿ, ನನಗೇನೂ ಆಗಲ್ಲ’ ಅಂದೆ. ‘ನಿಮ್ಮೆದುರಿಗೆ ಹೆಂಗೆ ಕುಡಿಯೋದು ರೈಟ್ರೇ? ನಾವು ಶಿವರಾತ್ರಿಗೆ ಒಂದು ದಿನ ಇರ್ತೀವಿ, ಅದಕ್ಕೂ ಹಣ್ಣು ಹಾಲು ತಗೋತೀವಿ’ ಅಂದರು. ಅವರು ಶಿವರಾತ್ರಿಯಲ್ಲಿ ರಾತ್ರಿಯಿಡೀ ನಿದ್ದೆ ಬಿಡುತ್ತಾರೆ. ಅದು ನನ್ನ ಕೈಲಿ ಆಗುತ್ತಾ ಅಂತ ನಾನು ಕೇಳಿದೆ. ಹಿಂದೆ ಯೆಮನ್‌ನಲ್ಲಿ ಸೂಫಿಗಳು ರಾತ್ರಿ ಪ್ರಾರ್ಥನೆಗೆ ನಿದ್ದೆ ಬರಬಾರದು ಅಂತ ಕಾಫಿ ಕುಡಿಯುತ್ತಿದ್ದರು. ಆ ಕಡೆಯಿಂದಲೇ ಬಾಬಾಬುಡನ್ ಏಳು ಬೀಜ ತಂದು ಇಲ್ಲಿಯ ಗಿರಿಯಲ್ಲಿ ನೆಟ್ಟರು ಅನ್ನುತ್ತಾರಲ್ಲ, ನಾವಿಬ್ಬರೂ ಅದರ ಅನ್ನ ತಿನ್ನುವವರು. ಉಪವಾಸದ ಮೊದಲ ಎರಡು ಮೂರು ದಿನ ನನ್ನ ತಲೆ ಸಿಡಿಯುವುದೂ ಹಸಿವಿಗಲ್ಲ, ಬೆಳಗಿನ ಕಾಫಿ ತಪ್ಪಿದ್ದಕ್ಕೆ.

ಸಂಜೆ ಮನೆಗೆ ಹೋಗಲು ಆಗಲಿಲ್ಲ, ಪೈಪು ಬದಲಾಯಿಸುವುದು ಬಾಕಿ ಇತ್ತು. ಆಳುಗಳಿರುವ ಲೈನ್ ಮನೆಯ ಅಸ್ಸಾಮಿನ ಹುಡುಗನೂ ಉಪವಾಸವಿದ್ದ. ಪಂಪಿನ ಹತ್ತಿರ ಮೇಸ್ತ್ರಿಯೂ ಸೇರಿ ಮೂವರೂ ಕೂತೆವು. ಮೊಬೈಲಿನಲ್ಲಿ ಹೊತ್ತು ನೋಡಿ ನಾನೂ ಹುಡುಗನೂ ಖರ್ಜೂರ ಬಾಯಿಗಿಟ್ಟೆವು, ಆಮೇಲೆ ನೀರು. ಮೊದಲ ಗುಟುಕು ಗಂಟಲಿನಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಇಳಿಯುವುದು ಪೂರ್ತಿ ಗೊತ್ತಾಗುತ್ತದೆ. ಉಮ್ಮ ಕಳಿಸಿದ ಮೆಂತ್ಯೆ, ತೆಂಗಿನ ಹಾಲಿನ ಗಂಜಿ ಟಿಫಿನ್ನಿನಲ್ಲಿತ್ತು. ಆ ಹುಡುಗನದು ಮಂಡಕ್ಕಿ, ಬೇಯಿಸಿದ ಕಡಲೆ, ಹಸಿಮೆಣಸು. ಅವರ ಕಡೆ ಅದಿಲ್ಲದೆ ಇಫ್ತಾರೇ ಇಲ್ಲವಂತೆ. ಮೇಸ್ತ್ರಿ ಎರಡನ್ನೂ ತಿಂದು, ಮಂಡಕ್ಕಿಯೇ ಚೆನ್ನಾಗಿದೆ ಅಂದರು.

‘ಪ್ರತಿ ವರ್ಷ ಬಿಸಿಲಲ್ಲೇ ಬರುತ್ತಾ ನಿಮ್ಮ ಹಬ್ಬ?’ ಅಂತ ಕೇಳಿದರು. ಇಲ್ಲ, ನಮ್ಮದು ಚಂದ್ರನ ಲೆಕ್ಕ, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ ಅಂದೆ. 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ, ಒಂದೇ ವರ್ಷದಲ್ಲಿ ಎರಡು ಸಲ ರಂಜಾನ್ ಶುರುವಾಗುತ್ತದೆ ಅಂತಲೂ ಹೇಳಿದೆ. ಚಳಿಗಾಲ, ಹಗಲು ಚಿಕ್ಕದು, ಬಾಯಾರಿಕೆ ಕಡಿಮೆ.

‘ಅದು ಕುಯ್ಲಿನ ಟೈಮ್ ಅಲ್ವಾ?’ ಅಂದರು ಮೇಸ್ತ್ರಿ. ‘ಹಂಗಾದ್ರೆ ಆ ವರ್ಷ ಮೂಟೆ ತೂಕ ಹಾಕೋದು ಸಂಜೆ ಐದಕ್ಕೇ ಮುಗ್ಸಿಬಿಡೋಣ. ನೀವು ಮನೇಲೇ ಗಂಜಿ ಕುಡೀಬಹುದು.’