ಬಲೆ ಬಿಡುವ ದಿನವನ್ನು ಗೊತ್ತುಮಾಡುವವರು ಯಾರು?

ಅಲಾಸ್ಕದ ಕುಸ್ಕೊಕ್ವಿಮ್ ನದಿಯಲ್ಲಿ ಮೊಟ್ಟೆಯಿಡಲು ಸಮುದ್ರದಿಂದ ನದಿಗೆ ಏರಿ ಬರುವ ಚಿನೂಕ್ ಸಾಮನ್ ಮೀನು ತೀರ ಕಡಿಮೆಯಾಗಿ, 2012ರ ಬೇಸಿಗೆಯಲ್ಲಿ ಸರ್ಕಾರ ಮೀನುಗಾರಿಕೆಯನ್ನು ನಿಲ್ಲಿಸಿದಾಗ, ಅಲ್ಲಿನ ಮೂಲನಿವಾಸಿಗಳಾದ ಯೂಪಿಕ್ ಮೀನುಗಾರರು ಆದೇಶವನ್ನು ಮೀರಿ ಬಲೆ ಬಿಟ್ಟರು ಮತ್ತು ಹಲವರು ನ್ಯಾಯಾಲಯದ ಕಟಕಟೆ ಹತ್ತಬೇಕಾಯಿತು. ಮೀನು ಉಳಿಯಬೇಕೆಂಬುದರಲ್ಲಿ ಅವರಿಗೆ ಭಿನ್ನಾಭಿಪ್ರಾಯವಿತ್ತೆಂದು ನನಗನಿಸುವುದಿಲ್ಲ. ತಮ್ಮ ಚಳಿಗಾಲದ ಆಹಾರವನ್ನು ಕುರಿತ ತೀರ್ಮಾನ ತಮ್ಮನ್ನು ಬಿಟ್ಟು ಆಗುತ್ತಿದೆ ಎಂಬುದೇ ತಕರಾರಿನ ಮೂಲ.

ನದಿಯುದ್ದಕ್ಕೂ ಇರುವ 33 ಬುಡಕಟ್ಟುಗಳು 2015ರಲ್ಲಿ ಸೇರಿ ತಮ್ಮದೇ ಮೀನುಗಾರಿಕಾ ಆಯೋಗವನ್ನು ಕಟ್ಟಿದವು; ಮರುವರ್ಷ ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆಯೊಂದಿಗೆ ಮೀನುಗಾರಿಕೆಯನ್ನು ಜೊತೆಗೂಡಿ ನಿರ್ವಹಿಸುವ ಒಪ್ಪಂದವಾಯಿತು. ಈ ವ್ಯವಸ್ಥೆಯ ಮಹತ್ವ ತಿಳಿಯುವುದು ಜೂನ್ ತಿಂಗಳಲ್ಲಿ. ಮೀನು ಒಣಗಿಸಲು ಜೂನ್ ಮೊದಲ ದಿನಗಳೇ ಪ್ರಶಸ್ತ, ಏಕೆಂದರೆ ಮುಂದೆ ಮಳೆ ಮತ್ತು ನೊಣಗಳ ಕಾಟ ಶುರುವಾಗುತ್ತದೆ. ಆದರೆ ಮೊದಲು ಬರುವ ಚಿನೂಕ್‌ಗಳಲ್ಲಿ ಹೆಚ್ಚಿನವು ನದಿಯ ಮೇಲ್ತುದಿಗೆ ಹೋಗತಕ್ಕವು. ನದಿಯ ಕೆಳಭಾಗದವರು ಅವನ್ನು ಹಿಡಿದರೆ ನಿಕೊಲಾಯ್‌ನಂಥ ದೂರದ ಹಳ್ಳಿಗಳಿಗೆ ಪಾಲು ತಪ್ಪುತ್ತದೆ. ಆರಂಭದಲ್ಲಿ ಬಲೆ ಕಟ್ಟಿಡಿ ಎಂದು ಅಧಿಕಾರಿಯೊಬ್ಬ ಹೇಳುವುದಕ್ಕೂ, ಮೇಲಿನವರು ಕೆಳಗಿನವರನ್ನು ಒಂದೇ ಸಭೆಯಲ್ಲಿ ಕುಳಿತು ಕೇಳಿಕೊಳ್ಳುವುದಕ್ಕೂ ಇರುವ ಅಂತರ ಸಣ್ಣದಲ್ಲ. ಮೀನುಗಾರ ಕುಟುಂಬಗಳನ್ನು ಕಂಡು ಎಷ್ಟು ಹಿಡಿದಿರಿ ಎಂದು ವಿಚಾರಿಸುವವರೂ ಊರಿನವರೇ ಆದ್ದರಿಂದ ಲೆಕ್ಕದ ಮೇಲಿನ ನಂಬಿಕೆಯೂ ಗಟ್ಟಿಯಾಗುತ್ತದೆ.

ಕಾನೂನು ಮಾತ್ರ ಇಷ್ಟು ಸರಳವಾಗಿಲ್ಲ. ಒಕ್ಕೂಟ ಸರ್ಕಾರದ 1980ರ ಕಾಯಿದೆ ಮನೆಬಳಕೆಯ ಮೀನುಗಾರಿಕೆಯಲ್ಲಿ ಗ್ರಾಮವಾಸಿಗಳಿಗೆ ಆದ್ಯತೆ ನೀಡಿದರೆ, ಅಂಥ ಆದ್ಯತೆ ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು ಅಲಾಸ್ಕದ ಸರ್ವೋಚ್ಚ ನ್ಯಾಯಾಲಯ 1989ರಲ್ಲಿ ಹೇಳಿತು. ಹೀಗೆ ಒಂದೇ ನದಿಗೆ ಇಬ್ಬರು ಒಡೆಯರಾದರು. ಈ ನದಿಯ ಮೀನುಗಾರಿಕೆಯ ಅಧಿಕಾರ ಯಾರದೆಂಬ ವಿಚಾರದಲ್ಲಿ 2022ರಲ್ಲಿ ಒಕ್ಕೂಟ ಸರ್ಕಾರವೇ ರಾಜ್ಯದ ಮೇಲೆ ದಾವೆ ಹೂಡಿ, 2024ರಲ್ಲಿ ಗೆದ್ದಿತು. (ಮೂಲನಿವಾಸಿಗಳೆಂಬ ಕಾರಣಕ್ಕಲ್ಲ, ಗ್ರಾಮವಾಸಿಗಳೆಂಬ ಕಾರಣಕ್ಕೆ ಈ ರಕ್ಷಣೆ ಸಿಕ್ಕಿದೆ ಎಂಬುದನ್ನು ಗಮನಿಸಬೇಕು.)

ಇಷ್ಟಾದರೂ ಕೊನೆಯ ಸಹಿ ಒಕ್ಕೂಟ ಸರ್ಕಾರದ ಅಧಿಕಾರಿಯದೇ. ಅದಕ್ಕಿಂತ ದೊಡ್ಡ ಕೊರತೆ ಸಮುದ್ರದಲ್ಲಿದೆ: ಬೇರಿಂಗ್ ಸಮುದ್ರದಲ್ಲಿ ಪೊಲಾಕ್ ಎಂಬ ಬೇರೆ ಜಾತಿಯ ಮೀನು ಹಿಡಿಯುವ ದೊಡ್ಡ ಹಡಗುಗಳ ಬಲೆಗೆ ಚಿನೂಕ್‌ಗಳೂ ಬೀಳುತ್ತವೆ. ಮೀನು ಕುಸಿಯಲು ಅದೊಂದೇ ಕಾರಣವಲ್ಲ, ನೀರು ಬಿಸಿಯಾಗುತ್ತಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೆ ಆ ಹಡಗುಗಳಿಗೆ ಮಿತಿ ಹಾಕುವ ಉತ್ತರ ಪೆಸಿಫಿಕ್ ಮಂಡಳಿಯಲ್ಲಿ ಬುಡಕಟ್ಟುಗಳಿಗೆ ಮೀಸಲಾದ ಮತದಾನದ ಸ್ಥಾನ ಒಂದೂ ಇಲ್ಲದಿರುವಾಗ, ನದಿಯವರು ಮಾತ್ರ ಬಲೆ ಮಡಚಿಡಬೇಕೆಂಬ ವಾದ ನನಗೆ ಒಪ್ಪಿಗೆಯಾಗುವುದಿಲ್ಲ.