ಸದ್ದು ತಗ್ಗಿಸುವ ಹೆಡ್‌ಫೋನ್: ಡಿಎಸ್‌ಪಿ ಇಲ್ಲದೆ ಎಡಗಡೆ ಕಪ್ ತಯಾರು

ನಾನು ಕಟ್ಟುತ್ತಿರುವ ಹೆಡ್‌ಫೋನಿನ ಎಡಗಡೆಯ ಕಪ್ ಈಗ ಕೂಗದೆ, ಅಂದರೆ ತಾನೇ ಸೀಟಿ ಹೊಡೆಯದೆ, ಕೆಲಸ ಮಾಡುತ್ತಿದೆ. ಸ್ವಿಚ್ ಹಾಕಿದ ಕೂಡಲೇ ಫ್ಯಾನಿನ ಗುಂಯ್ ಸದ್ದೂ ಕೆಳಗಿನ ಅಂಗಡಿಯ ಜನರೇಟರ್ ಸದ್ದೂ ಹಿಂದೆ ಸರಿಯುತ್ತವೆ. 100ರಿಂದ 200 ಹರ್ಟ್ಸ್ ನಡುವೆ ಸುಮಾರು 15 ಡೆಸಿಬೆಲ್ ಇಳಿಕೆ ಸಿಕ್ಕಿದೆ. ಒಳಗೆ ಡಿಎಸ್‌ಪಿ, ಅಂದರೆ ಸದ್ದನ್ನು ಅಂಕಿಗಳಾಗಿ ಬದಲಿಸಿ ಲೆಕ್ಕ ಮಾಡುವ ಪ್ರೊಸೆಸರ್ ಇಲ್ಲ, ಕೋಡ್ ಇಲ್ಲ. ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್), ರೆಸಿಸ್ಟರ್, ಕೆಪ್ಯಾಸಿಟರ್ ಅಷ್ಟೇ.

ಐಡಿಯಾ ಹಳೆಯದು. 1953ರಲ್ಲೇ ಆರ್‌ಸಿಎ ಪ್ರಯೋಗಾಲಯದ ಹ್ಯಾರಿ ಓಲ್ಸನ್ ಮತ್ತು ಎವರೆಟ್ ಮೇ ಸ್ಪೀಕರ್ ಮುಂದೆ ಮೈಕ್ ಇಟ್ಟು, ಮೈಕ್ ಕೇಳಿದ್ದನ್ನು ತಿರುಗುಮುರುಗು ಮಾಡಿ ಅದೇ ಸ್ಪೀಕರಿಗೆ ಕೊಟ್ಟು, ಸದ್ದನ್ನು ತಗ್ಗಿಸಿ ತೋರಿಸಿದ್ದರು. ನಾನು ಕಟ್ಟುತ್ತಿರುವುದೂ ಅದನ್ನೇ, ಕಿವಿಯ ಅಳತೆಗೆ. ಡ್ರೈವರ್‌ನಿಂದ (ಕಪ್ ಒಳಗಿನ ಪುಟ್ಟ ಸ್ಪೀಕರ್) ಸುಮಾರು 1 ಸೆಂಟಿಮೀಟರ್ ದೂರದಲ್ಲಿ ಒಂದು ಪುಟ್ಟ ಕಂಡೆನ್ಸರ್ ಮೈಕ್ ಇದೆ.

ಮೈಕ್‌ನಿಂದ ಸ್ಪೀಕರಿಗೆ, ಅಲ್ಲಿಂದ ಮತ್ತೆ ಮೈಕ್‌ಗೆ ಸುತ್ತುವ ಇದೇ ಲೂಪನ್ನು ಮೊದಲು ಒಂದು ಡಿಎಸ್‌ಪಿ ಬೋರ್ಡ್ ಮೇಲೆ ಓಡಿಸಿ ನೋಡಿದ್ದೆ. 48 ಕಿಲೋಹರ್ಟ್ಸ್ ಕೋಡೆಕ್ (ಸಿಗ್ನಲನ್ನು ಅಂಕಿಗಳಾಗಿ, ಅಂಕಿಗಳನ್ನು ಮತ್ತೆ ಸಿಗ್ನಲ್ ಆಗಿ ಬದಲಿಸುವ ಚಿಪ್), ಚಿಕ್ಕ ಬಫರ್ (ಅಂಕಿಗಳು ಕಾಯುವ ಜಾಗ). ಇನ್‌ಪುಟ್‌ಗೆ ಪಲ್ಸ್ ಕೊಟ್ಟು ಸ್ಕೋಪಿನಲ್ಲಿ ಎರಡೂ ಕಡೆ ನೋಡಿದರೆ, ಹೋಗಿ ಬರಲು ಸುಮಾರು 1.25 ಮಿಲಿಸೆಕೆಂಡ್. ಹಾಡು ಕೇಳುವವರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ 400 ಹರ್ಟ್ಸ್ ಅಲೆ ಒಂದು ಸುತ್ತು ಮುಗಿಸಲು 2.5 ಮಿಲಿಸೆಕೆಂಡ್ ಸಾಕು. ಅಂದರೆ ಸರಿಯಾಗಿ ಅರ್ಧ ಸುತ್ತು ತಡ. ಸದ್ದನ್ನು ಕಳೆಯಬೇಕಾದ ಅಲೆ ಅಲ್ಲಿ ಸದ್ದಿಗೆ ಸೇರಿಕೊಳ್ಳುತ್ತದೆ. ಆದ್ದರಿಂದ 400 ತಲುಪುವ ಮುಂಚೆಯೇ ಲೂಪ್ ಗೇನ್ (ಒಂದು ಸುತ್ತಿನಲ್ಲಿ ಸಿಗ್ನಲ್ ಎಷ್ಟು ಪಟ್ಟಾಗುತ್ತದೆ ಎಂಬುದು) 1ಕ್ಕಿಂತ ಕೆಳಗೆ ಇಳಿದಿರಬೇಕು, ಇಲ್ಲದಿದ್ದರೆ ಹೆಡ್‌ಫೋನ್ ಕೂಗುತ್ತದೆ. ಹಾಗೆ ಇಳಿಸಿದರೆ 100 ಹರ್ಟ್ಸ್‌ನಲ್ಲೂ ಹೆಚ್ಚು ಗೇನ್ ಉಳಿಯುವುದಿಲ್ಲ. ಈ ತಡದಲ್ಲಿ ಲೆಕ್ಕ ಮಾಡಲು ಹಿಡಿದ ಹೊತ್ತು ತೀರಾ ಕಡಿಮೆ. ಹೆಚ್ಚಿನದೆಲ್ಲ ಬಫರ್ ತುಂಬಲು ಮತ್ತು ಕೋಡೆಕ್ ಒಳಗಿನ ಡಿಜಿಟಲ್ ಫಿಲ್ಟರ್‌ಗಳಿಗೆ ಹೋಗುತ್ತದೆ. ಅದಕ್ಕೇ ಕೋಡ್ ಎಷ್ಟು ಚುರುಕಾಗಿ ಬರೆದರೂ ಪ್ರಯೋಜನ ಕಮ್ಮಿ.

ಈಗ ಅನಲಾಗ್ ಕಡೆಯ ಲೆಕ್ಕ ನೋಡಿ. ಟಿಎಲ್072 ಎಂಬ ಆಪ್-ಆಂಪ್ ಚಿಪ್‌ನ ಗೇನ್-ಬ್ಯಾಂಡ್‌ವಿಡ್ತ್ (ಅದರ ವೇಗದ ಅಳತೆ) 3 ಮೆಗಾಹರ್ಟ್ಸ್. ಹತ್ತು ಪಟ್ಟು ಗೇನ್ ಇಟ್ಟರೂ ತಡ ಸುಮಾರು ಅರ್ಧ ಮೈಕ್ರೋಸೆಕೆಂಡ್. ಡ್ರೈವರ್‌ನಿಂದ ಮೈಕ್‌ವರೆಗಿನ ಆ 1 ಸೆಂಟಿಮೀಟರ್ ಗಾಳಿ ದಾಟಲು ಸದ್ದಿಗೆ 29 ಮೈಕ್ರೋಸೆಕೆಂಡ್ ಬೇಕು. ಗಾಳಿಯೇ ಚಿಪ್‌ಗಿಂತ ನಿಧಾನ! ಈ ಲೆಕ್ಕ ಕಂಡ ಮೇಲೆ ಡಿಎಸ್‌ಪಿ ಬೋರ್ಡನ್ನು ಪಕ್ಕಕ್ಕಿಟ್ಟೆ.

ಅನಲಾಗ್ ಅಂದ ಮಾತ್ರಕ್ಕೆ ಫೇಸ್ ತಿರುಗುವುದು, ಅಂದರೆ ಅಲೆ ತನ್ನ ಸುತ್ತಿನಲ್ಲಿ ಹಿಂದೆ ಬೀಳುವುದು, ತಪ್ಪುವುದಿಲ್ಲ ಅನ್ನೋದನ್ನೂ ಹೇಳಬೇಕು. ಎರಡನೇ ಆರ್ಡರಿನ ಲೋ-ಪಾಸ್ ಫಿಲ್ಟರ್ ತನ್ನ ಕಾರ್ನರ್‌ನಲ್ಲಿ (ತಡೆಯಲು ಶುರುಮಾಡುವ ಹರ್ಟ್ಸ್‌ನಲ್ಲಿ) 90 ಡಿಗ್ರಿ ತಿರುಗಿಸುತ್ತದೆ, ಕೋಡ್‌ನಲ್ಲಿ ಬರೆದರೂ ಸರಿ, ಕೆಪ್ಯಾಸಿಟರ್‌ನಲ್ಲಿ ಕಟ್ಟಿದರೂ ಸರಿ. ಅನಲಾಗ್‌ನಿಂದ ನಮಗೆ ತಪ್ಪುವುದು ಬಫರ್, ಕೋಡೆಕ್‌ಗಳಿಂದ ಮೇಲೆ ಬೀಳುವ ಆ ತಡದ ದಂಡ ಮಾತ್ರ. ಅದಕ್ಕೇ ಕಡಿದಾಗಿ ಇಳಿಯುವ ಫಿಲ್ಟರ್ ಬಿಟ್ಟು, ಲೂಪ್ ಗೇನ್ ಆಕ್ಟೇವ್‌ಗೆ (ಹರ್ಟ್ಸ್ ಎರಡು ಪಟ್ಟಾದಾಗಲೆಲ್ಲ) 6 ಡೆಸಿಬೆಲ್‌ನಂತೆ ಮೆಲ್ಲಗೆ ಇಳಿದು 1 ಕಿಲೋಹರ್ಟ್ಸ್ ಹತ್ತಿರ 1ಕ್ಕಿಂತ ಕೆಳಗೆ ಹೋಗುವ ಹಾಗೆ ಇಟ್ಟಿದ್ದೇನೆ.

ಜಾಸ್ತಿ ಹೊತ್ತು ಹಿಡಿದದ್ದು 2.5 ಕಿಲೋಹರ್ಟ್ಸ್ ಆಸುಪಾಸಿನ ಒಂದು ಉಬ್ಬು. ಡ್ರೈವರ್ ಮತ್ತು ಕಪ್ ಎರಡೂ ಸೇರಿ ಅಲ್ಲಿ ಸದ್ದನ್ನು ಎತ್ತುತ್ತವೆ. ಗೇನ್ ಹೊಂದಿಸುವ ಪ್ರಿಸೆಟ್ಟನ್ನು ಸ್ವಲ್ಪ ತಿರುಗಿಸಿದರೆ ಸಾಕು, ಸಣ್ಣ ಸೀಟಿ ಶುರು. ಅಂಗೈಯಿಂದ ಕಪ್ ಒತ್ತಿದರೆ ಸೀಟಿಯ ಶ್ರುತಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಅಲ್ಲಿಗೆ ಒಂದು ನಾಚ್ (ಆ ಶ್ರುತಿಯ ಆಸುಪಾಸನ್ನು ಮಾತ್ರ ತಗ್ಗಿಸುವ ಫಿಲ್ಟರ್) ಹಾಕಬೇಕಾಯಿತು. ಆಳವಾದ ನಾಚ್ ಹಾಕಿದರೆ ಅದರ ಕೆಳಗಿನ ಫೇಸ್ ಕೆಡುತ್ತದೆ, 1 ಕಿಲೋಹರ್ಟ್ಸ್‌ನಲ್ಲಿ ಕೂಗದಿರಲೆಂದು ಉಳಿಸಿದ್ದ ಮಾರ್ಜಿನ್ನನ್ನೇ ತಿಂದುಬಿಡುತ್ತದೆ. ಅಗಲವಾದ, ಆಳವಿಲ್ಲದ ನಾಚ್ ಚೆನ್ನಾಗಿ ಹೊಂದಿತು. ಆಮೇಲೆ ಸೀಟಿ ಬರುವ ತನಕ ಗೇನ್ ಏರಿಸಿ, ಅಲ್ಲಿಂದ 6 ಡೆಸಿಬೆಲ್ ಇಳಿಸಿ ಪ್ರಿಸೆಟ್‌ಗೆ ನೇಲ್ ಪಾಲಿಶ್ ಹಚ್ಚಿದೆ. ಕಪ್ ತೆಗೆದು ಹಾಕುವಾಗಲೂ, ಒತ್ತಿದಾಗಲೂ ಈಗ ಕೂಗುವುದಿಲ್ಲ.

ಫಿಲ್ಟರಿನ ಕೆಪ್ಯಾಸಿಟರ್‌ಗಳೆಲ್ಲ ಪಾಲಿಯೆಸ್ಟರ್. ಎಕ್ಸ್7ಆರ್ ಎಂಬ ಸೆರಾಮಿಕ್ ಬಗೆ ಚಿಕ್ಕದು, ಅಗ್ಗ. ಆದರೆ ವೋಲ್ಟೇಜ್ ಬದಲಾದಂತೆ ಅದರ ಕೆಪ್ಯಾಸಿಟೆನ್ಸ್ ಕೂಡ ಬದಲಾಗುತ್ತದೆ, ಬೋರ್ಡ್ ತಟ್ಟಿದರೆ ತಾನೇ ಮೈಕ್ ಥರ ಸಿಗ್ನಲ್ ಹುಟ್ಟಿಸುತ್ತದೆ. ಇಂಥ ಜಾಗದಲ್ಲಿ ಅದು ಬೇಡವೇ ಬೇಡ. ರೆಸಿಸ್ಟರ್ 1 ಶೇಕಡಾ ಮೆಟಲ್ ಫಿಲ್ಮ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಲ್ಲವೂ ಸಿಕ್ಕಿತು.

ಒಂದು ಬೆಲೆ ತೆರಲೇಬೇಕು. ಗಾಳಿ ತುಂಬಿದ ದಿಂಬನ್ನು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ಹಾಗೆ, ಕೆಳಗೆ ತಗ್ಗಿಸಿದಷ್ಟಕ್ಕೆ ಮೇಲೆಲ್ಲೋ ಸ್ವಲ್ಪ ಏರುತ್ತದೆ. ಫೀಡ್‌ಬ್ಯಾಕ್ ಲೂಪಿನ ಈ ನಿಯಮವನ್ನು ಬೆಲ್ ಲ್ಯಾಬ್ಸ್‌ನ ಹೆಂಡ್ರಿಕ್ ಬೋಡೆ ಗಣಿತದಲ್ಲೇ ತೋರಿಸಿದ್ದಾರೆ. ನನ್ನ ಕಪ್‌ನಲ್ಲಿ 1.5 ಕಿಲೋಹರ್ಟ್ಸ್ ಸುತ್ತ 3 ಡೆಸಿಬೆಲ್ ಏರಿದೆ. ಕಪ್‌ನ ಸ್ಪಂಜು ಅಲ್ಲಿ ತಾನೇ ಸದ್ದು ತಡೆಯುವುದರಿಂದ ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಕನ್ನಡಕ ಹಾಕಿದಾಗ ಮಾತ್ರ ಕಡ್ಡಿಯ ಸಂದಿನಲ್ಲಿ ಗಾಳಿ ಸೋರಿ, ಜನರೇಟರ್ ಸದ್ದು ಸ್ವಲ್ಪ ವಾಪಸ್ ಬರುತ್ತದೆ. ದಪ್ಪ ಕುಶನ್ ಹಾಕಿ ನೋಡಬೇಕು.

192 ಕಿಲೋಹರ್ಟ್ಸ್ ಮತ್ತು ಅದಕ್ಕೂ ಮೇಲೆ ಓಡುವ, ಇದೇ ಕೆಲಸಕ್ಕೆಂದು ಮಾಡಿದ ಡಿಜಿಟಲ್ ಚಿಪ್‌ಗಳು ಈಗ ಇವೆ. ಅವುಗಳ ತಡ ಮೈಕ್ರೋಸೆಕೆಂಡ್ ಲೆಕ್ಕಕ್ಕೆ ಇಳಿದಿದೆ. ಪ್ರತಿ ಕಪ್‌ಗೂ ಬೇರೆ ಬೇರೆ ಟ್ಯೂನಿಂಗ್ ಬೇಕಿದ್ದರೆ ಅವೇ ವಾಸಿ. ಒಂದೇ ಜೊತೆ ಕಟ್ಟುವವರಿಗೆ ಎರಡು ಆಪ್-ಆಂಪ್ ಸಾಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಮುಂದಿನ ಕೆಲಸ ಹಾಡಿನ ಇನ್‌ಪುಟ್. ಲೂಪ್ ಹಾಡನ್ನೂ ಸದ್ದು ಅಂತಲೇ ತಿಳಿದು ಬೇಸ್ ಕಡಿದುಹಾಕುತ್ತದೆ. ಅದನ್ನು ಸರಿದೂಗಿಸಲು ಇನ್‌ಪುಟ್‌ನಲ್ಲೇ ಬೇಸ್ ಏರಿಸುವ ಒಂದು ಶೆಲ್ಫ್ ಫಿಲ್ಟರ್ ಬೇಕು. ಅದಾದ ಮೇಲೆ ಬಲಗಡೆಯ ಕಪ್.