ಆಂಜನೇಯನ ಐದು ಸಾವಿರ ಪ್ರತಿಗಳು

ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಮುದ್ರಣಾಲಯದಲ್ಲಿ ನಾನು ಬಹಳ ವರ್ಷಗಳಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಜಾತ್ರೆಯ ಕರಪತ್ರಗಳಲ್ಲೇ ದಿನ ಕಳೆಯುವ ನಮ್ಮಂಥವರಿಗೆ ಚುನಾವಣೆಯೆಂದರೆ ಸುಗ್ಗಿ. 2023ರ ವಿಧಾನಸಭಾ ಚುನಾವಣೆಯ ಸುಗ್ಗಿ ಮುಗಿಯುತ್ತ ಬಂದಿದ್ದ ಮೇ 4ರ ಗುರುವಾರ ಸಂಜೆ, ಅಭ್ಯರ್ಥಿಯೊಬ್ಬರ ಕಡೆಯ ಹುಡುಗ ಬಂದು, ಅದುವರೆಗೆ ಹಂಚುತ್ತಿದ್ದ ರಸ್ತೆ, ಚರಂಡಿ, ಕುಡಿಯುವ ನೀರಿನ ಸಾಧನೆಗಳ ಕರಪತ್ರವನ್ನು ಮೇಜಿನ ಮೇಲಿಟ್ಟು, ಇದೆಲ್ಲ ಸಾಕು, ಇನ್ನು ಆಂಜನೇಯ ಬೇಕು ಎಂದ.

ಅವನು ಹಾಗೆ ಕೇಳಿದ್ದು ನನಗೆ ಆಶ್ಚರ್ಯವೆನಿಸಲಿಲ್ಲ. ಎರಡು ದಿನಗಳ ಹಿಂದೆ ಬಿಡುಗಡೆಯಾಗಿದ್ದ ಕಾಂಗ್ರೆಸ್ ಪ್ರಣಾಳಿಕೆ, ದ್ವೇಷ ಬಿತ್ತುವ ಸಂಘಟನೆಗಳ ಮೇಲೆ ನಿಷೇಧವೂ ಸೇರಿದಂತೆ ಕ್ರಮ ಕೈಗೊಳ್ಳುವುದಾಗಿ ಹೇಳುತ್ತ, ಪಿಎಫ್‌ಐ ಜೊತೆಗೆ ಬಜರಂಗದಳದ ಹೆಸರನ್ನೂ ಎತ್ತಿತ್ತು. ಪ್ರಧಾನಿಯವರು ಅಂದೇ ಹೊಸಪೇಟೆಯಲ್ಲಿ ಅದನ್ನು ಹನುಮಂತನ ಹೆಸರಿಗೆ ತಂದು ಜೋಡಿಸಿ, ಮರುದಿನದ ಸಭೆಗಳಲ್ಲಿ ‘ಜೈ ಬಜರಂಗಬಲಿ’ ಎಂದು ಜನರಿಂದ ಕೂಗಿಸಿದರು. ಇತ್ತ ಡಿ.ಕೆ. ಶಿವಕುಮಾರ್ ಅವರು ರಾಜ್ಯದ ಆಂಜನೇಯ ದೇವಸ್ಥಾನಗಳನ್ನು ಅಭಿವೃದ್ಧಿಪಡಿಸುವ ಭರವಸೆ ಕೊಟ್ಟರು. ಹೀಗಾಗಿ ಶುಕ್ರವಾರ ಬೆಳಿಗ್ಗೆ ಎದುರು ಪಕ್ಷದವರೂ ಬಂದು ಅದನ್ನೇ ಕೇಳಿದಾಗ ನಮ್ಮ ಯಜಮಾನರು ನಕ್ಕುಬಿಟ್ಟರು.

ಗುರುವಾರದ ಹುಡುಗನಿಗೆ ಯಜಮಾನರು ಒಂದು ಮಾತು ಕೇಳಿದ್ದರು: ‘ಇದು ಸರಿಯೇನಪ್ಪಾ, ನಾಳೆ ತೊಂದರೆಯಾದರೆ?’ ಅವನು ಓದಿಕೊಂಡವನು. ‘ಯಜಮಾನ್ರೇ, ಸ್ವಾಮಿ ಹೆಸರಲ್ಲಿ ಓಟು ಎಲ್ಲಿ ಕೇಳಿದ್ದೀವಿ? ಆಂಜನೇಯನ ಕೃಪೆ ತಮ್ಮ ಮೇಲಿರಲಿ ಅಂತ ಹಾರೈಸಿದ್ದೀವಿ, ಅಷ್ಟೇ’ ಎಂದ. ನಂತರ ನನ್ನ ಕಡೆ ತಿರುಗಿ, ‘ಅಣ್ಣ, ನಮ್ಮ ಸಾಹೇಬ್ರ ಮುಖ ಒಂದೇ ಇದ್ರೆ ಅದರಲ್ಲಿ ಬೋಂಡ ಕಟ್ತಾರೆ. ಸ್ವಾಮಿ ಇದ್ರೆ ಯಾರೂ ಹರಿಯೋಕೆ ಹೋಗಲ್ಲ, ಕಾಲಡಿಗೂ ಹಾಕಲ್ಲ’ ಎಂದು ಸೇರಿಸಿದ. ಭಕ್ತಿ, ಧರ್ಮ, ಅಸ್ಮಿತೆ ಎಂದು ಟಿವಿಯಲ್ಲಿ ಗಂಟೆಗಟ್ಟಲೆ ಕೇಳಿದ್ದ ಚರ್ಚೆಗಳಿಗಿಂತ ಅವನ ಈ ಬೋಂಡದ ಮಾತೇ ನನಗೆ ಹೆಚ್ಚು ನಿಜವೆನಿಸಿತು.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಮು, ಅಭ್ಯರ್ಥಿ ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನೂ ಗೆಲುವಿಗಾಗಿ ಧಾರ್ಮಿಕ ಚಿಹ್ನೆಗಳನ್ನು ಬಳಸುವುದನ್ನೂ ಭ್ರಷ್ಟ ಆಚರಣೆಯೆಂದು ಕರೆಯುತ್ತದೆ. ಆ ಧರ್ಮ ಅಭ್ಯರ್ಥಿಯದಷ್ಟೇ ಅಲ್ಲ, ಮತದಾರನದಾದರೂ ತಪ್ಪೇ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರಲ್ಲಿ 4–3ರ ಬಹುಮತದಿಂದ ಹೇಳಿತು. ಆದರೆ ಅದನ್ನು ಪ್ರಶ್ನಿಸಬೇಕಾದದ್ದು ಫಲಿತಾಂಶದ ನಂತರ, 45 ದಿನಗಳೊಳಗೆ, ಹೈಕೋರ್ಟಿನಲ್ಲಿ. ಮುಂಬೈನ ವಿಲೆ ಪಾರ್ಲೆ ಕ್ಷೇತ್ರದ 1987ರ ಉಪಚುನಾವಣೆಯನ್ನು ಇದೇ ಕಾರಣಕ್ಕೆ ಅಸಿಂಧುಗೊಳಿಸಿದ ತೀರ್ಪನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು 1995ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಆ ವಿಧಾನಸಭೆಯ ಅವಧಿಯೇ ಮುಗಿದು ಹೋಗಿತ್ತು. ನಮ್ಮಂಥ ಮುದ್ರಕರನ್ನು ಬೇಗ ಹಿಡಿಯುವುದು 127ಎ ಕಲಮು: ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಅಚ್ಚಾಗದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದ್ದರಿಂದ ಇಬ್ಬರು ಸಾಕ್ಷಿಗಳ ಸಹಿಯಿದ್ದ ಘೋಷಣಾಪತ್ರ ಪಡೆದು, ಎಡ ಅಂಚಿನಲ್ಲಿ ಕೆಳಗಿನಿಂದ ಮೇಲಕ್ಕೆ ಇರುವೆ ಸಾಲಿನಂತೆ ಆ ವಿವರಗಳನ್ನೂ ಕೊನೆಗೆ ‘ಪ್ರತಿಗಳು: 5000’ ಎಂಬುದನ್ನೂ ಕೂರಿಸಿ, ನಾನು ನನ್ನ ಮನಸ್ಸಾಕ್ಷಿಯನ್ನು ಅಲ್ಲಿಗೆ ಸುಮ್ಮನಾಗಿಸಿದೆ.

ಕಷ್ಟವಾದದ್ದು ಚಿತ್ರದ ಕೆಲಸ. ಜಾತ್ರೆಯ ಕರಪತ್ರಗಳಿಗೆಂದು ಕೂಡಿಟ್ಟಿದ್ದ ಕಡತದಿಂದ ಸಂಜೀವಿನಿ ಹೊತ್ತ ಆಂಜನೇಯನನ್ನು ತೆಗೆದು ಮೇಲೆ ಎಡಕ್ಕೆ ಇಟ್ಟೆ. ಕೈಮುಗಿದ ಅಭ್ಯರ್ಥಿ ಕೆಳಗೆ ಬಲಕ್ಕೆ. ಸ್ವಾಮಿ ಹೊರಗಡೆ ನೋಡುತ್ತಿದ್ದಾನೆ, ಸಾಹೇಬರ ಕಡೆ ತಿರುಗಿಸಿ ಎಂದು ಹುಡುಗ ಹಟ ಹಿಡಿದ. ಒಂದು ಗುಂಡಿ ಒತ್ತಿದರೆ ತಿರುಗುತ್ತದೆ, ಆದರೆ ಬಲಗೈಯ ಗದೆ ಎಡಗೈಗೆ ಹೋಗುತ್ತದೆ. ಹೇಳಿದೆ. ‘ಯಾರು ನೋಡ್ತಾರೆ ಬಿಡಣ್ಣ’ ಎಂದ. ಮರುದಿನ ಎದುರು ಪಕ್ಷದವರಿಗೆ ಹೊಸದಾಗಿ ಮಾಡಲು ಪುರುಸೊತ್ತಿರಲಿಲ್ಲ. ಅದೇ ವಿನ್ಯಾಸ, ಅದೇ ಎಡಗೈ ಗದೆ, ಅದೇ ಐದು ಸಾವಿರ. ಬದಲಾದದ್ದು ಬಣ್ಣ, ಕೆಳಗಿನ ಮುಖ ಮತ್ತು ಪ್ರಕಾಶಕರ ಹೆಸರು.

ಮೇ 10ರಂದು ಮತದಾನ ಮುಗಿಯಿತು. ಆ ವಾರ ಬೀದಿಯಲ್ಲಿ ರಸ್ತೆ, ಚರಂಡಿಗಳ ಹಳೆಯ ಕರಪತ್ರಗಳು ಚರಂಡಿಯಲ್ಲೇ ತೇಲುತ್ತಿದ್ದರೆ, ಆಂಜನೇಯನವು ಒಂದೂ ಕಾಣಲಿಲ್ಲ. ಅರಳಿಕಟ್ಟೆಯ ಮೇಲೆ, ಗಾಜೊಡೆದ ದೇವರ ಪಟಗಳ ಪಕ್ಕದಲ್ಲಿ, ಎರಡೂ ಪಕ್ಷದವನ್ನು ಯಾರೋ ಒಟ್ಟಿಗೆ ಜೋಡಿಸಿ ಮೇಲೊಂದು ಕಲ್ಲು ಹೇರಿದ್ದರು.

ಮನೆಯಲ್ಲಿ ಅಮ್ಮ ತನ್ನ ಪಾಲಿಗೆ ಬಂದದ್ದನ್ನು ಕತ್ತರಿಯಿಂದ ಕತ್ತರಿಸಿ, ಅಭ್ಯರ್ಥಿಯನ್ನು ಒಲೆಗೆ ಹಾಕಿ, ಸ್ವಾಮಿಯನ್ನಷ್ಟೇ ಅನ್ನದ ಅಂಟಿನಿಂದ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಿದ್ದಳು. ಬೆಟ್ಟದ ಪಕ್ಕದಲ್ಲಿ ‘ಪ್ರತಿಗಳು: 5000’ ಮಾತ್ರ ಉಳಿದಿತ್ತು. ಅರಿಶಿನದ ಕೈ ತಾಗಿ ಬಣ್ಣವೂ ಮಾಸಿದ್ದರಿಂದ ಅದು ಯಾವ ಪಕ್ಷದ್ದೆಂದು ಮಾಡಿದ ನನಗೇ ತಿಳಿಯಲಿಲ್ಲ. ಅಮ್ಮ ಕುಂಕುಮವಿಡುತ್ತ ಕೇಳಿದಳು: ‘ಗದೆ ಎಡಗೈಗೆ ಕೊಟ್ಟವ್ನಲ್ಲೋ, ಯಾವನೋ ಇದನ್ನ ಮಾಡಿದ್ದು?’